ಮುಟ್ಟಬಾರದೆಂಬ ಫಲಕದ ಮುಂದೆ

ರಜೆಯ ದಿನ ವಸ್ತುಸಂಗ್ರಹಾಲಯಕ್ಕೆ ಹೋಗಿಬರೋಣವೆಂದು ವಿಜಯನಗರದ ಯಾವ ಮನೆಯಲ್ಲಾದರೂ ಮಾತೆದ್ದರೆ, ಹೊರಡುವವರು ಯಾರು, ಉಳಿಯುವವರು ಯಾರು ಎಂಬುದು ಆಗಲೇ ಗೊತ್ತಾಗಿಬಿಡುತ್ತದೆ. ಮಂಡಿನೋವಿನ ಅಜ್ಜಿ ಮನೆ ಕಾಯುತ್ತಾರೆ. ಕಣ್ಣು ಕಾಣದ ಚಿಕ್ಕಪ್ಪನಿದ್ದರೆ ಅವನನ್ನು ಕೇಳುವವರೇ ಇಲ್ಲ. ನೋಡುವ ಜಾಗದಲ್ಲಿ ಅವನಿಗೇನು ಕೆಲಸವೆಂಬ ಎಣಿಕೆ. ಈ ಎಣಿಕೆಯಲ್ಲಿ ನಿರ್ದಯತೆಯಿಲ್ಲ, ಅಭ್ಯಾಸಬಲವಿದೆ. ವಸ್ತುಸಂಗ್ರಹಾಲಯಗಳೂ ಬಹುಕಾಲ ಅದೇ ಅಭ್ಯಾಸದಲ್ಲಿ ಬೆಳೆದು ಬಂದಿವೆ.

ದಾರಿಯೇನೋ ಮೊದಲಿಗಿಂತ ಸುಗಮವಾಗಿದೆ. 2016ರಿಂದ ವಿಜಯನಗರದವರೂ 2021ರಿಂದ ಕೆಂಗೇರಿಯವರೂ ಮೆಟ್ರೊ ಗಾಡಿ ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ರಾಜಾಜಿನಗರದವರು ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಿಸಬೇಕು. ಬಸವೇಶ್ವರನಗರದವರಿಗೆ ನಿಲ್ದಾಣದವರೆಗೆ ಆಟೊ ಅಥವಾ ಬಸ್ಸು. ನಿಲ್ದಾಣದಲ್ಲಿ ಲಿಫ್ಟ್ ಇದೆ, ಬಿಳಿಕೋಲಿಗೆ ತಿಳಿಯುವಂತೆ ಉಬ್ಬುಗೆರೆಯ ನೆಲಹಾಸೂ ಇದೆ. ಅಲ್ಲಿಂದ ಕಸ್ತೂರಬಾ ರಸ್ತೆಯವರೆಗಿನ ಕಾಲುದಾರಿಯೇ ಗಾಲಿಕುರ್ಚಿಗೆ ನಿಜವಾದ ಪರೀಕ್ಷೆ.

ಆ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ 1965ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಹಿಡಿ ತಿರುಗಿಸಿ, ಗುಂಡಿ ಒತ್ತಿ ಯಂತ್ರದ ಗುಟ್ಟನ್ನು ಅರಿಯುವುದು ಅಲ್ಲಿಯ ಪದ್ಧತಿ. ಮಕ್ಕಳು ಅಲ್ಲಿಂದ ಏಳಲೊಲ್ಲರೆಂಬುದಕ್ಕೆ ಕೈಗೆ ಕೆಲಸವಿರುವುದೇ ಕಾರಣವಲ್ಲದೆ ಮತ್ತೇನೂ ಅಲ್ಲ.

ಅದೇ ಸಾಲಿನಲ್ಲಿ, 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವಿದೆ. ಅದರ ಸಂಗ್ರಹದಲ್ಲಿ ಆತಕೂರಿನ ವೀರಗಲ್ಲೊಂದಿದೆ. ಕಾಲ ಕ್ರಿ. ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಒಡೆಯನು ‘ಬೇಕಾದುದನ್ನು ಕೇಳು’ ಎಂದಾಗ, ಆತ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದ! ಆ ನಾಯಿ ಬಳಿಕ ಹೆಗ್ಗಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು. ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವ ಉಣ್ಣಕೂಡದೆಂದೂ ಅದರಲ್ಲಿ ಬರೆಸಲಾಯಿತು.

ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನಲ್ಲಿ ಉಬ್ಬಾಗಿ ಮೂಡಿದೆ, ಅಕ್ಷರಗಳು ಕೊರೆದಂಥವು. ಓದು ಬಾರದವನಿಗೂ ಕಥೆ ತಿಳಿಯಲೆಂದು ಮಾಡಿದಂತಿರುವ ಈ ಶಿಲೆಯನ್ನು ಬೆರಳಿನಿಂದಲೂ ಅರಿಯಬಹುದಲ್ಲವೆ? ಅರಿಯಬಹುದು, ಆದರೆ ದಿನವೂ ನೂರಾರು ಕೈಗಳ ಬೆವರು, ಜಿಡ್ಡು ತಗಲಿದರೆ ಶಿಲೆ ಸವೆಯುತ್ತದೆ. ‘ಮುಟ್ಟಬಾರದು’ ಎಂಬ ಫಲಕ ಅಧಿಕಾರಿಗಳ ದರ್ಪವಲ್ಲ. ಉಪಾಯವಿರುವುದು ಪ್ರತಿಕೃತಿಯಲ್ಲಿ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮುಟ್ಟಿ ತಿಳಿಯುವುದಕ್ಕೆಂದೇ ಪ್ರತಿಕೃತಿಗಳನ್ನಿರಿಸಿ ‘ಅನುಭವ’ ಎಂಬ ವಿಭಾಗ ತೆರೆದರು. ಕಸ್ತೂರಬಾ ರಸ್ತೆಯಲ್ಲೇ 2023ರಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ಕೆಲವು ಕಲಾಕೃತಿಗಳ ಉಬ್ಬುರೂಪಗಳನ್ನು ಮಾಡಿಸಿದೆ. ಶಾಸನಗಳ ವಿಷಯದಲ್ಲಂತೂ ಅರ್ಧ ಕೆಲಸ ಊರಿನಲ್ಲೇ ಸಾಗಿದೆ: ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಿಲಾಶಾಸನಗಳನ್ನು ಉಬ್ಬುತಗ್ಗುಗಳ ಸಮೇತ ಗಣಕಯಂತ್ರದಲ್ಲಿ ದಾಖಲಿಸುತ್ತ ಬಂದಿದೆ. ಅಂಥ ದಾಖಲೆಯೊಂದಿದ್ದರೆ, ಕಲ್ಲಿಗೆ ಕೈ ಸೋಕಿಸದೆಯೇ ಅದರ ಪಡಿಯಚ್ಚನ್ನು ಎರಕ ಹೊಯ್ಯಬಹುದು.

ಕಾನೂನಿನ ಬೆಂಬಲಕ್ಕೆ ಕೊರತೆಯಿಲ್ಲ. ಕಲೆಯು ಅಂಗವಿಕಲರಿಗೂ ಎಟುಕಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟ ಐದು ವರ್ಷ 2022ರಲ್ಲೇ ಮುಗಿದುವು. ನಿಯಮಗಳು ಬರಿಯ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು ತೀರ್ಪಿತ್ತಿತು. ಇಳಿಜಾರು ಕಟ್ಟಿ ಟೇಪು ಕತ್ತರಿಸುವುದು ಸುಲಭ. ವಿವರಣೆಯ ಚೀಟಿಯನ್ನು ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಇಳಿಸುವುದು, ಎರಡು ಕೋಣೆಗೊಂದು ಬೆಂಚು ಹಾಕುವುದು ಇನ್ನೂ ಅಗ್ಗದ ಕೆಲಸ. ಆದರೆ ಅದಕ್ಕೆ ಸಮಾರಂಭವಿಲ್ಲ!

ಹೊರಡುವ ಮುನ್ನ ಮನೆಯವರು ದೂರವಾಣಿಯಲ್ಲಿ ಮೂರು ಮಾತು ಕೇಳುವುದು ಒಳ್ಳೆಯದು: ಲಿಫ್ಟ್ ನಡೆಯುತ್ತಿದೆಯೆ? ಗಾಲಿಕುರ್ಚಿ ದೊರೆಯುವುದೆ? ಮುಟ್ಟಿ ನೋಡುವಂಥದು ಏನಿದೆ? ಗದ್ದಲ ಸಹಿಸದ ಮಗುವಿದ್ದರೆ ಭಾನುವಾರ ಬಿಟ್ಟು, ಶಾಲಾಮಕ್ಕಳ ದಂಡು ಬಾರದ ಹೊತ್ತನ್ನೂ ವಿಚಾರಿಸಿಕೊಳ್ಳಬೇಕು.