ಹಳೆಯ ಡೀಸೆಲ್ ಲಾರಿಯ ರೋಗಪರೀಕ್ಷೆ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ತಗುಲಿಸಲು ಪ್ಲಗ್ ಇರುತ್ತದೆ; ಡೀಸೆಲ್ ಎಂಜಿನ್ನಿಗೆ ಅದು ಬೇಕಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರನೆಯ ಒಂದು ಪಾಲಿಗೆ ಅದುಮಿದಾಗ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ, ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಾಗಿ ದೋಷ ಹುಡುಕುವವರು ಗಾಳಿ ಸಾಕಷ್ಟು ಬರುತ್ತಿದೆಯೇ, ಅದು ಸೋರದೆ ಒತ್ತಡಕ್ಕೆ ಒಳಗಾಗುತ್ತಿದೆಯೇ, ಡೀಸೆಲ್ ತಕ್ಕ ಹೊತ್ತಿಗೆ ತಕ್ಕಷ್ಟು ಬೀಳುತ್ತಿದೆಯೇ ಎಂಬುದನ್ನೇ ಬೇರೆಬೇರೆ ಬಗೆಯಲ್ಲಿ ಕೇಳುತ್ತಾರೆ. ಅಮೆರಿಕದಲ್ಲಿ ಸರಕು ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ತೂಗುವ ‘ಸೆಮಿ’ ಲಾರಿಗಳನ್ನು ಸ್ವಂತಕ್ಕೆ ಇಟ್ಟುಕೊಂಡು ಓಡಿಸುವ ಚಾಲಕರಲ್ಲಿ ಈ ಪರೀಕ್ಷೆ ಒಂದು ಕುಶಲವಿದ್ಯೆಯಾಗಿಯೇ ಬೆಳೆದಿದೆ.

ಮೊದಲ ಸುಳಿವು ಹೊಗೆ. ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕಷ್ಟು ಗಾಳಿಯಿಲ್ಲವೆಂದು ಅರ್ಥ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಬಿಳಿ ಹೊಗೆಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು: ಚಳಿಯ ಬೆಳಗ್ಗೆ ಅದು ಉರಿಯದೆ ಉಳಿದ ಡೀಸೆಲ್ಲಿನ ಆವಿಯಷ್ಟೇ ಆಗಿರಬಹುದು, ಆದರೆ ಎಂಜಿನ್ ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟು ನೀರು ಸಿಲಿಂಡರಿಗೆ ಸೇರುತ್ತಿದೆಯೆಂಬ ಶಂಕೆ ಬಲವಾಗುತ್ತದೆ.

ಹೊಗೆಯೇ ಇಲ್ಲದೆ ಏರುದಾರಿಯಲ್ಲಿ ಬಲ ಕುಂದುವ, ರಾತ್ರಿ ನಿಲ್ಲಿಸಿದ ಲಾರಿ ಬೆಳಗ್ಗೆ ಸುಲಭವಾಗಿ ಸ್ಟಾರ್ಟ್ ಆಗದ ದೋಷ ಇನ್ನೂ ಸೂಕ್ಷ್ಮವಾದದ್ದು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಹೀರಿ ಎಳೆಯುವುದರಿಂದ ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುತ್ತದೆ. ಆದ್ದರಿಂದ ಅಲ್ಲಿ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ, ಮತ್ತು ನೆಲದ ಮೇಲೆ ಒಂದು ಕಲೆಯೂ ಕಾಣದೆ ದೋಷ ಅಡಗಿಕೊಂಡಿರುತ್ತದೆ. ಕರ್ನಾಟಕದ ಲಾರಿ ಮೆಕ್ಯಾನಿಕ್‌ಗಳು ‘ಏರ್ ಲಾಕ್’ ಎಂದು ಕರೆಯುವ ತೊಂದರೆ ಹಲವು ಬಾರಿ ಇಲ್ಲಿಂದಲೇ ಹುಟ್ಟುತ್ತದೆ. ಅನುಭವಿಗಳು ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಅದರಿಂದ ಗುಣ ಕಾಣದಿದ್ದರೆ ಆ ಮಾರ್ಗದಲ್ಲಿ ಪಾರದರ್ಶಕವಾದ ಪೈಪಿನ ತುಂಡೊಂದನ್ನು ಜೋಡಿಸಿ ಗುಳ್ಳೆಗಳಿಗಾಗಿ ಕಾಯುತ್ತಾರೆ. ಕೆಲವೇ ಡಾಲರುಗಳ ಈ ಪರೀಕ್ಷೆ ಮಾಡದೆ ದುಬಾರಿ ಇಂಜೆಕ್ಟರುಗಳನ್ನು ಕಳಚುವುದು ನಿಜಕ್ಕೂ ದೊಡ್ಡ ತಪ್ಪು.

ಯಾವ ಹಳೆಯ ಲಾರಿ ಮೇಲು ಎಂಬ ಚರ್ಚೆಯೂ ಇಂಥ ಪರೀಕ್ಷೆಗಳ ಸುತ್ತಲೇ ತಿರುಗುತ್ತದೆ. ಪೀಟರ್‌ಬಿಲ್ಟ್ 379, ಕೆನ್‌ವರ್ತ್ ಡಬ್ಲ್ಯೂ900ರಂಥ ಉದ್ದ ಮೂತಿಯ ಲಾರಿಗಳ ಹೆಸರು ಮೊದಲು ಕೇಳಿಬಂದರೂ, ಬಲ್ಲವರು ಮೂತಿಯೊಳಗಿನ ಎಂಜಿನ್ ಯಾವುದೆಂದು ವಿಚಾರಿಸುತ್ತಾರೆ. ಕ್ಯಾಟರ್‌ಪಿಲ್ಲರ್ 3406ಬಿ ಎಂಜಿನ್ನಿನಲ್ಲಿ ಪಂಪಿನಿಂದ ಆರು ಸಿಲಿಂಡರುಗಳಿಗೂ ಪ್ರತ್ಯೇಕ ಉಕ್ಕಿನ ಪೈಪುಗಳು ಹೋಗುತ್ತವೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ಪೈಪಿನ ನಟ್ಟು ಸಡಿಲಿಸುತ್ತ ಹೋದರೆ, ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗುತ್ತದೆ (ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಬಲ್ಲದು, ಕೈ ದೂರವಿರಲೇಬೇಕು). ಕಮಿನ್ಸ್ ಎನ್‌ಟಿಸಿಯಲ್ಲಿ ಒತ್ತಡವನ್ನು ಪ್ರತಿ ಇಂಜೆಕ್ಟರೇ ಹುಟ್ಟಿಸುವುದರಿಂದ ಈ ಉಪಾಯ ನಡೆಯದು. 1987ರಲ್ಲಿ ಬಂದ ಡೆಟ್ರಾಯಿಟ್ ಡೀಸೆಲ್ ಸೀರೀಸ್ 60 ಇಂಧನದ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿ, ದೋಷದ ಸಂಕೇತವನ್ನು ತಾನೇ ನೆನಪಿಟ್ಟುಕೊಳ್ಳತೊಡಗಿತು.

ಅಮೆರಿಕದ ಹೊಗೆ ನಿಯಂತ್ರಣದ 2007ರ ನಿಯಮದ ನಂತರ ಹೊಸ ಲಾರಿಗಳಿಗೆ ಮಸಿ ಹಿಡಿಯುವ ಫಿಲ್ಟರ್, 2010ರ ನಂತರ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಯೂರಿಯಾ ದ್ರಾವಣ ಬಂದವು. ಹಳೆಯ ಲಾರಿಯ ಹೊಗೆ ಉಸಿರಾಟಕ್ಕೆ ಹಾನಿಕರ ಎಂಬುದರಲ್ಲಿ ಅನುಮಾನವಿಲ್ಲ, ಈ ನಿಯಮಗಳು ಅಗತ್ಯವೇ ಆಗಿದ್ದವು; ಆದರೆ ಒಂದು ಸೆನ್ಸರ್ ಕೆಟ್ಟರೂ ಎಂಜಿನ್ ತಾನೇ ಬಲ ತಗ್ಗಿಸಿಕೊಳ್ಳುವ ಲಾರಿಯನ್ನು ದೂರದ ಹೆದ್ದಾರಿಯಲ್ಲಿ ಒಂಟಿಯಾಗಿ ರಿಪೇರಿ ಮಾಡುವುದು ಕಷ್ಟವೆಂಬ ಚಾಲಕರ ದೂರೂ ಸತ್ಯ. ಇದರೊಡನೆ, 2017ರ ಡಿಸೆಂಬರಿನಲ್ಲಿ ಜಾರಿಗೆ ಬಂದ, ಚಾಲನೆಯ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರದ ಕಡ್ಡಾಯದಿಂದ 2000ಕ್ಕೂ ಹಿಂದಿನ ಮಾದರಿಯ ಎಂಜಿನ್ನುಗಳಿಗೆ ವಿನಾಯಿತಿ ದೊರೆತದ್ದು ಹಳೆಯ ಲಾರಿಗಳತ್ತ ಒಲವನ್ನು ಹೆಚ್ಚಿಸಿತು.

ಕ್ಯಾಟರ್‌ಪಿಲ್ಲರ್ 2010ರ ಹೊತ್ತಿಗೆ ಹೆದ್ದಾರಿ ಲಾರಿಗಳ ಎಂಜಿನ್ ತಯಾರಿಕೆಯಿಂದ ಹಿಂದೆ ಸರಿಯಿತು, ಆದರೂ ಅದರ 3406 ಇಂದಿಗೂ ಓಡುತ್ತಿದೆ. ಆ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ಲೈನರುಗಳು, ಅಂದರೆ ಸಿಲಿಂಡರಿನ ಒಳಗೋಡೆಯ ಕೊಳವೆಗಳು, ಎಂಜಿನ್ ಬ್ಲಾಕಿನಿಂದ ಬೇರೆಯಾಗಿವೆ. ಅವು ಸವೆದಾಗ ಎಂಜಿನ್ನನ್ನು ಲಾರಿಯಿಂದ ಇಳಿಸದೆಯೇ ಮೇಲಿನಿಂದ ಹೆಡ್ಡನ್ನೂ ಕೆಳಗಿನಿಂದ ಆಯಿಲ್ ತೊಟ್ಟಿಯನ್ನೂ ಕಳಚಿ, ಹೊಸ ಲೈನರುಗಳನ್ನೂ ಪಿಸ್ಟನ್ನುಗಳನ್ನೂ ಕೂರಿಸುತ್ತಾರೆ.