ಬಂಡವಾಳ ಬಂತು, ಬುದ್ಧಿಮಾತು ತಡವಾಯಿತು

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಯಿತೆಂದರೆ ಗೂಡಿನಿಂದ ನೂಲು ಬಿಚ್ಚುವ ರೀಲರುಗಳ ಒಂದು ಕಣ್ಣು ಗೂಡಿನ ಮೇಲೆ, ಇನ್ನೊಂದು ಮೊಬೈಲ್ ಮೇಲೆ. ಲಾಟಿನ ಮುಂದೆ ನಿಂತು ಒಂದೆರಡು ಗೂಡು ಎತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ಆಮೇಲೆ ಬೆಲೆ ಕೂಗುತ್ತಾರೆ. ಕೂಗುವುದೇನು ಬಂತು, ಈಗ ಮೊಬೈಲಿನಲ್ಲಿ ಒತ್ತುವುದು. ರಾಮನಗರ ಬಿಟ್ಟರೆ ಇದೇ ದೊಡ್ಡ ಗೂಡಿನ ಮಾರುಕಟ್ಟೆ ಎಂದು ಹೆಸರು.

ಅಲ್ಲಿಂದ ಮೂವತ್ತು ಕಿಲೋಮೀಟರ್ ಆಚೀಚೆಗಿರುವ ಚಿಂತಾಮಣಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬನಿಗೆ ಹೀಗೆ ಹೊಳೆಯಿತು ಎಂದಿಟ್ಟುಕೊಳ್ಳಿ: ರೈತ ಗೂಡು ತುಂಬಿಕೊಂಡು ಮಾರುಕಟ್ಟೆಗೆ ಯಾಕೆ ಬರಬೇಕು? ಹುಳುಮನೆಯಿಂದಲೇ ಕೊಂಡು ರೀಲರಿನ ಮನೆಬಾಗಿಲಿಗೆ ತಲುಪಿಸುವ ಆ್ಯಪ್ ಮಾಡಿದರೆ? ಐಡಿಯಾ ಚೆನ್ನಾಗಿದೆ, ಬೆಂಗಳೂರಿನ ಹೂಡಿಕೆದಾರರಿಗೂ ಹಿಡಿಸೀತು. ಆದರೆ ಕರ್ನಾಟಕದಲ್ಲಿ ರೇಷ್ಮೆ ಮೊಟ್ಟೆ, ಗೂಡು, ನೂಲಿನ ಉತ್ಪಾದನೆ–ಮಾರಾಟವನ್ನು ನಿಯಂತ್ರಿಸುವ 1959ರ ಕಾಯ್ದೆಯೊಂದಿದೆ. ಗೂಡಿನ ವ್ಯಾಪಾರ ನಡೆಯಬೇಕಾದದ್ದು ಪರವಾನಗಿ ಪಡೆದ ಮಾರುಕಟ್ಟೆಯಲ್ಲಿ, ಬಹಿರಂಗ ಹರಾಜಿನಲ್ಲಿ. ದಲ್ಲಾಳಿಗಳ ಕೈಗೆ ಸಿಕ್ಕಿ ತೂಕದಲ್ಲೂ ಬೆಲೆಯಲ್ಲೂ ಸೋಲುತ್ತಿದ್ದ ರೈತನನ್ನು ಕಾಪಾಡಲು ಕಟ್ಟಿದ ಬೇಲಿ ಅದು. ನಮ್ಮ ಹುಡುಗ ಆ ಬೇಲಿ ಹಾರಿಯೇ ಅಂಗಡಿ ತೆರೆಯಹೊರಟಿದ್ದಾನೆ. ಇದನ್ನು ಅವನಿಗೆ ಯಾರು ಹೇಳಬೇಕು?

ಹೊಸದಾಗಿ ಉದ್ಯಮಕ್ಕಿಳಿಯುವವನಿಗೆ ಹಣ, ತೆರಿಗೆ, ಕಾನೂನು ಮೂರನ್ನೂ ಕೂರಿಸಿ ಹೇಳಿಕೊಡಬೇಕು ಎಂಬ ಯೋಚನೆ ಸ್ಟಾರ್ಟ್‌ಅಪ್ ಎಂಬ ಪದಕ್ಕಿಂತ ಬಹಳ ಹಳೆಯದು. ಅದರ ಒಂದು ಬೇರು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿದೆ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗುವ ಮೊದಲೇ, ಮುಖ್ಯ ಇಂಜಿನಿಯರ್ ಆಗಿದ್ದಾಗಲೇ ಒತ್ತಾಯಿಸಿದ್ದರಿಂದ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಕೃಷಿ, ಶಿಕ್ಷಣ, ಕೈಗಾರಿಕೆ–ವಾಣಿಜ್ಯ ಎಂದು ಮೂರು ಸಮಿತಿಗಳಾದವು. ಅಧಿಕಾರಿಗಳೂ ಸಾಹುಕಾರರೂ ಒಟ್ಟಿಗೆ ಕೂತು ಮಾತಾಡಿದರು. 1913ರಲ್ಲಿ ಬ್ಯಾಂಕ್ ಆಫ್ ಮೈಸೂರು ಬಂತು. ಅದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರಲ್ಲಿ ಎಸ್‌ಬಿಐನಲ್ಲಿ ಕರಗಿದ್ದು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ, ಇವತ್ತಿನ ಎಫ್‌ಕೆಸಿಸಿಐ. ಈ ಕ್ರಮ ನೋಡಿ: ಮೊದಲು ಚರ್ಚೆ, ಆಮೇಲೆ ಬ್ಯಾಂಕು, ಅದರ ಹಿಂದೆಯೇ ವರ್ತಕರದೇ ಆದ ಸಂಸ್ಥೆ. ನನ್ನ ಮಟ್ಟಿಗೆ ಇದಕ್ಕಿಂತ ಸರಿಯಾದ ಕ್ರಮ ಆಮೇಲೆ ಯಾವತ್ತೂ ಬರಲಿಲ್ಲ.

ಸ್ವಾತಂತ್ರ್ಯಾನಂತರ ಸರ್ಕಾರ ಮೊದಲು ತೆರೆದದ್ದು ಸಾಲದ ಕಿಟಕಿ. ರಾಜ್ಯ ಹಣಕಾಸು ಸಂಸ್ಥೆ ಶುರುವಾದದ್ದು 1959ರಲ್ಲಿ. ಗೂಡಿನ ಕಾಯ್ದೆಯ ಹೆಸರಿನಲ್ಲಿರುವುದೂ ಅದೇ ಇಸವಿ. ಸಲಹೆ ಕೊಡಲೆಂದೇ ಟೆಕ್ಸಾಕ್ ಎಂಬ ಸರ್ಕಾರಿ ಸಂಸ್ಥೆ ಬರುವ ಹೊತ್ತಿಗೆ 1976. ಎರಡು ವರ್ಷದ ಮೇಲೆ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಯೋಜನೆ. ಆ ಕೇಂದ್ರಗಳು ಊರಿಗೆ ಕಲಿಸಿದ್ದು ಮುಖ್ಯವಾಗಿ ಒಂದು ವಿದ್ಯೆ: ಪ್ರಾಜೆಕ್ಟ್ ರಿಪೋರ್ಟ್. ಎಷ್ಟು ಸಬ್ಸಿಡಿ ಸಿಗುತ್ತದೆ ಎಂದು ಮೊದಲು ತಿಳಿದುಕೊಂಡು, ಅದಕ್ಕೆ ತಕ್ಕ ಹಾಗೆ ಯಂತ್ರದ ಬೆಲೆ, ಕರೆಂಟು, ಕೂಲಿ, ಲಾಭ ಎಲ್ಲವನ್ನೂ ಹೊಂದಿಸಿ ಟೈಪ್ ಮಾಡಿಕೊಡುವವರು ಪ್ರತಿ ತಾಲ್ಲೂಕಿನಲ್ಲೂ ಹುಟ್ಟಿಕೊಂಡರು. ಮೂರನೇ ವರ್ಷ ಲಾಭ ಬರಲೇಬೇಕು ಎಂಬುದು ಆ ಹಾಳೆಗಳ ಅಲಿಖಿತ ನಿಯಮ. ಬಾರದ ಲಾಭವನ್ನು ಬ್ಯಾಂಕ್ ಮ್ಯಾನೇಜರ್ ಆಗಲಿ ಸಾಲಗಾರನಾಗಲಿ ಮತ್ತೆ ತಿರುಗಿ ನೋಡುತ್ತಿರಲಿಲ್ಲ.

ಇದಕ್ಕೆ ಅಪವಾದ ಉಜಿರೆ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಅಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ರುಡ್‌ಸೆಟ್ ಕಟ್ಟಿದವು. ಮೊದಲು ತರಬೇತಿ, ಲೆಕ್ಕ ಬರೆಯುವುದು, ಬ್ಯಾಂಕಿನಲ್ಲಿ ಮಾತಾಡುವ ರೀತಿ. ಸಾಲದ ಮಾತು ಆಮೇಲೆ. ಕೇಂದ್ರ ಸರ್ಕಾರ ಇದನ್ನೇ ಮಾದರಿಯಾಗಿಟ್ಟುಕೊಂಡು 2009ರಿಂದ ಜಿಲ್ಲೆಗೊಂದು ಆರ್‌ಸೆಟಿ ತೆರೆಯಲು ಹೊರಟಿತು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಗೆ ಇದು ಸಾಕು. ಷೇರು ಮಾರಿ ಬಂಡವಾಳ ತರುವವನಿಗೆ ಸಾಲದು.

ಷೇರಿನ ಹಣದ ಕತೆ ಬೇರೆ. ಐಸಿಐಸಿಐ ಮತ್ತು ಯುಟಿಐ ಸೇರಿ 1988ರಲ್ಲಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಸಂಸ್ಥೆ ಶುರುಮಾಡಿದಾಗ, ಅಡಮಾನ ಕೇಳದೆ ಪಾಲು ತೆಗೆದುಕೊಂಡು ದುಡ್ಡು ಹಾಕುವ ಸಾಹಸ ಬಂಡವಾಳ ಇಲ್ಲಿ ಕಣ್ಣು ಬಿಟ್ಟಿತು. ಆ ಹಣ ಬೆಂಗಳೂರು ದಾಟಿ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಚಿಂತಾಮಣಿಗೆ ಬರಲು ಇನ್ನೂ ತಿಣುಕುತ್ತಿದೆ. ರಾಜ್ಯ ಸರ್ಕಾರ 2015ರ ಕೊನೆಗೆ ಸ್ಟಾರ್ಟ್‌ಅಪ್ ನೀತಿ ತಂದಿತು. ದೆಹಲಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಘೋಷಣೆಯಾದದ್ದು ಅದರ ಮೇಲೆ, 2016ರ ಜನವರಿ 16ರಂದು. 2017ರಿಂದ ‘ಎಲಿವೇಟ್’ ಹೆಸರಿನಲ್ಲಿ ಆಯ್ಕೆಯಾದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಮರಳಿಸಬೇಕಿಲ್ಲ, ಪಾಲೂ ಕೊಡಬೇಕಿಲ್ಲ. 2021ರಲ್ಲಿ ಕೇಂದ್ರದ 945 ಕೋಟಿಯ ಸೀಡ್ ಫಂಡ್ ಬಂತು: ಮಾದರಿ ಮಾಡಿ ತೋರಿಸಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಷೇರಾಗಬಲ್ಲ ಡಿಬೆಂಚರು. ಇದು ಸಿಗುವುದು ಇನ್‌ಕ್ಯುಬೇಟರುಗಳ ಮೂಲಕ, ಕಂಪನಿಗೆ ಎರಡು ವರ್ಷ ದಾಟಿರಬಾರದು. ‘ಬಿಯಾಂಡ್ ಬೆಂಗಳೂರು’ ಎಂದು ರಾಜಧಾನಿಯಾಚೆಗೆ ಹೊರಟ ಯೋಜನೆ ಮೊದಲು ಎತ್ತಿಕೊಂಡದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳನ್ನು. ಚಿಂತಾಮಣಿ, ಗೌರಿಬಿದನೂರಿನವರ ಪಾಡು ವಿಚಿತ್ರ: ಬೆಂಗಳೂರಿನವರಲ್ಲ, ಬೆಂಗಳೂರಿನಾಚೆಯವರೂ ಅಲ್ಲ.

ಬಂಡವಾಳದ ಬಾಗಿಲು ಹೀಗೆ ಒಂದೊಂದಾಗಿ ತೆರೆಯುತ್ತಿದ್ದಾಗಲೇ ಅದೇ ಬಾಗಿಲಲ್ಲಿ ತೆರಿಗೆಯವರೂ ನಿಂತಿದ್ದರು. ಪ್ರಣಬ್ ಮುಖರ್ಜಿ 2012ರ ಬಜೆಟ್ಟಿನಲ್ಲಿ ಆದಾಯ ತೆರಿಗೆ ಕಾಯ್ದೆಯ 56ನೇ ಸೆಕ್ಷನ್ನಿಗೆ ಒಂದು ಉಪವಿಧಿ ಸೇರಿಸಿದರು. ಉದ್ದೇಶ ಕಪ್ಪುಹಣ ತಡೆ. ಹೆಸರಿಗೊಂದು ಕಂಪನಿ ಮಾಡಿ, ಹತ್ತು ರೂಪಾಯಿ ಷೇರನ್ನು ಸಾವಿರಕ್ಕೆ ಮಾರಿದಂತೆ ತೋರಿಸಿ ಲಂಚದ ದುಡ್ಡನ್ನು ಬಿಳಿ ಮಾಡುವವರಿದ್ದದ್ದು ಸುಳ್ಳಲ್ಲ. ಏಟು ಬಿದ್ದದ್ದು ಮಾತ್ರ ಬೇರೆಯವರಿಗೆ. ಲೆಕ್ಕ ಹಾಕಿ ನೋಡಿ: ಹುಡುಗರ ಕಂಪನಿಯೊಂದು 5,000 ಷೇರುಗಳನ್ನು ತಲಾ 1,000 ರೂಪಾಯಿಗೆ ಕೊಟ್ಟು 50 ಲಕ್ಷ ತಂದಿತು. ನಿಮ್ಮ ಷೇರಿನ ನ್ಯಾಯವಾದ ಬೆಲೆ 200 ರೂಪಾಯಿ ಎಂದರು ತೆರಿಗೆ ಅಧಿಕಾರಿ. ಷೇರಿಗೆ 800ರಂತೆ 40 ಲಕ್ಷ ‘ಇತರ ಮೂಲದ ಆದಾಯ’ವಾಯಿತು. ಶೇ 30ರ ದರದಲ್ಲಿ 12 ಲಕ್ಷ ತೆರಿಗೆ, ಅದರ ಮೇಲೆ ಸೆಸ್. ಒಂದು ರೂಪಾಯಿ ಮಾರಾಟವೂ ಆಗದ ಕಂಪನಿ ಇದು. ಯಂತ್ರಕ್ಕೆಂದು, ಸಂಬಳಕ್ಕೆಂದು ತಂದ ದುಡ್ಡಿನ ಕಾಲುಭಾಗ ಹೋಯಿತು. ನಾಳೆ ಬರಬಹುದಾದ ವ್ಯಾಪಾರಕ್ಕೆ ಹೂಡಿಕೆದಾರ ಇವತ್ತು ಬೆಲೆ ಕಟ್ಟುತ್ತಾನೆ, ಅಧಿಕಾರಿ ನೋಡುವುದು ನಿನ್ನೆಯ ಲೆಕ್ಕಪುಸ್ತಕ. ಜಗಳವೆಲ್ಲ ಇಲ್ಲೇ.

ಇದಕ್ಕೆ ಏಂಜೆಲ್ ತೆರಿಗೆ ಎಂಬ ಅಡ್ಡಹೆಸರು ಬಿತ್ತು. ನೋಟಿಸುಗಳ ಗದ್ದಲ ಎದ್ದ ಮೇಲೆ, 2019ರ ಫೆಬ್ರುವರಿಯಲ್ಲಿ ಸರ್ಕಾರ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಷೇರು ಬಂಡವಾಳ, ಪ್ರೀಮಿಯಂ ಸೇರಿ 25 ಕೋಟಿಯವರೆಗೆ ವಿನಾಯಿತಿ ಕೊಟ್ಟಿತು. ಸ್ಟಾರ್ಟ್‌ಅಪ್ ಎನಿಸಿಕೊಳ್ಳುವ ವಯಸ್ಸು, 2016ರಲ್ಲಿ ಐದು ವರ್ಷವಿದ್ದದ್ದು, ಆ ಹೊತ್ತಿಗೆ ಹತ್ತಕ್ಕೆ ಏರಿತ್ತು. 2023ರಲ್ಲಿ ಮತ್ತೆ ಉಲ್ಟಾ: ವಿದೇಶಿ ಹೂಡಿಕೆಗೂ ಇದೇ ಸೆಕ್ಷನ್. ಕೊನೆಗೆ 2024ರ ಜುಲೈ 23ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಎಲ್ಲ ವರ್ಗದ ಹೂಡಿಕೆದಾರರಿಗೂ ಇದನ್ನು ತೆಗೆದುಹಾಕಿದರು. ಹನ್ನೆರಡು ವರ್ಷ ಹೋಯಿತು.

ಚಿಂತಾಮಣಿಗೆ ಇದರಿಂದ ಏನಾಯಿತು? ಏನೂ ಆಗಲಿಲ್ಲ ಎನ್ನಬಹುದು. ಪ್ರೀಮಿಯಂ ಕೊಟ್ಟು ಷೇರು ಕೊಳ್ಳುವವರು ಇಲ್ಲಿ ಎಷ್ಟು ಮಂದಿ? ಈ ಊರಿನಲ್ಲಿ ಹೊಸ ವ್ಯವಹಾರಕ್ಕೆ ದುಡ್ಡು ಹುಟ್ಟುವುದು ಎತ್ತಿದ ಚೀಟಿಯಿಂದ, ಭಾವಮೈದುನನಿಂದ, ಟೊಮೆಟೊಗೆ ರೇಟು ಬಂದ ವರ್ಷ ಅಪ್ಪನ ಕೈಯಲ್ಲಿ ಉಳಿದದ್ದರಿಂದ. ಹಾಗಾಗಿ ಇಲ್ಲಿಯವರನ್ನು ಹಿಡಿಯುವ ಸೆಕ್ಷನ್ನುಗಳೇ ಬೇರೆ, ಪತ್ರಿಕೆಗಳಲ್ಲಿ ಅವುಗಳ ಸುದ್ದಿ ಬರುವುದಿಲ್ಲ. ಕಂಪನಿಯ ಖಾತೆಗೆ ಷೇರು ಹಣವೆಂದು ಬಂದ ದುಡ್ಡಿಗೆ 68ನೇ ಸೆಕ್ಷನ್ ಮೂಲ ಕೇಳುತ್ತದೆ. 2012ರಲ್ಲೇ ಆದ ಇನ್ನೊಂದು ತಿದ್ದುಪಡಿಯಿಂದಾಗಿ, ಹಾಕಿದವನಿಗೆ ಅದು ಎಲ್ಲಿಂದ ಬಂತು ಎಂದೂ ಕೇಳುತ್ತದೆ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಆದರೆ ಅದು ಬೇಸಾಯದ್ದೇ ಎಂದು ತೋರಿಸಲು ಪಹಣಿಯ ಜೊತೆಗೆ ಮಂಡಿಯ ಬಿಲ್ಲೂ ಬೇಕು, ಮಂಡಿಯ ಬಿಲ್ಲು ಎತ್ತಿಡುವ ಅಭ್ಯಾಸ ಎಷ್ಟು ಮನೆಗಳಲ್ಲಿದೆ? 20,000 ರೂಪಾಯಿ ಅಥವಾ ಅದಕ್ಕೆ ಮೀರಿದ ಕೈಸಾಲವನ್ನು ಕಂಪನಿ ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತ ದಂಡವಾಗಬಹುದು. ಷೇರಿಗೆಂದು ಪಡೆದ ಹಣಕ್ಕೆ 60 ದಿನದೊಳಗೆ ಷೇರು ಹಂಚಬೇಕು, ಇಲ್ಲದಿದ್ದರೆ ಮುಂದಿನ 15 ದಿನದಲ್ಲಿ ವಾಪಸು ಕೊಡಬೇಕು. ಭಾವಮೈದುನನ ಹತ್ತಿರ ಈ ಲೆಕ್ಕ ಯಾರು ಇಡುತ್ತಾರೆ?

ಸ್ಟಾರ್ಟ್‌ಅಪ್‌ಗಳಿಗೆಂದೇ ಕೊಟ್ಟ ಸವಲತ್ತುಗಳೂ ದೊಡ್ಡ ಊರಿನ ಅಳತೆಯಲ್ಲಿವೆ. ಮೊದಲು ಸಾಲವಾಗಿ ಬಂದು ಆಮೇಲೆ ಷೇರಾಗುವ ಕನ್ವರ್ಟಿಬಲ್ ನೋಟಿಗೆ ಒಬ್ಬನೇ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಹಾಕಬೇಕು. ಮೂರು ವರ್ಷದ ತೆರಿಗೆ ರಜೆ ಕಂಪನಿಗೆ ಮತ್ತು ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿಗೆ ಮಾತ್ರ. ನೋಂದಾಯಿತ ಪಾಲುದಾರಿಕೆ ಸಂಸ್ಥೆಯೂ ಸ್ಟಾರ್ಟ್‌ಅಪ್ ಮಾನ್ಯತೆ ಪಡೆಯಬಹುದು, ಆದರೆ ಈ ರಜೆ ಅದಕ್ಕಿಲ್ಲ. ಛಾಪಾ ಕಾಗದದ ಮೇಲೆ ಪಾರ್ಟ್‌ನರ್‌ಶಿಪ್ ಡೀಡ್ ಬರೆಸಿ ವ್ಯಾಪಾರ ಶುರುಮಾಡುವುದೇ ರೂಢಿಯಾಗಿರುವ ಊರಿನಲ್ಲಿ ಈ ವ್ಯತ್ಯಾಸವನ್ನು ಡೀಡಿಗೆ ಸಹಿ ಹಾಕುವ ಮೊದಲು ಹೇಳಬೇಕು.

ಕಂಪನಿ ಮಾಡುವುದು ಈಗ ಸಲೀಸು. 2015ರವರೆಗೆ ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ ಬಂಡವಾಳ ತೋರಿಸಬೇಕಿತ್ತು. ಆ ನಿಯಮ ಹೋಯಿತು. 2020ರಲ್ಲಿ ಬಂದ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲವೂ ಒಟ್ಟಿಗೇ. ಕೋರಮಂಗಲದ ಕೇಂದ್ರೀಯ ಸದನದ ಮೆಟ್ಟಿಲು ಹತ್ತುವ ಕೆಲಸವಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ವ್ಯಾಪಾರ ಕೈಹತ್ತಲಿಲ್ಲ, ಇಬ್ಬರು ಗೆಳೆಯರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರು, ಕಂಪನಿಯ ಮಾತೇ ಮರೆತುಹೋಯಿತು. ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಎರಡು ಫಾರಂಗಳು ಹಾಗೇ ಉಳಿದವು. 2018ರ ಜುಲೈಯಿಂದ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ತಡಶುಲ್ಕ, ಇದಕ್ಕೆ ಮೇಲ್ಮಿತಿ ಇಲ್ಲ. ಎರಡಕ್ಕೂ ಸೇರಿ ವರ್ಷಕ್ಕೆ 73,000. ಮೂರು ವರ್ಷ ಸತತ ಬಿಟ್ಟರೆ ನಿರ್ದೇಶಕರೇ ಅನರ್ಹ. 2017ರಲ್ಲಿ ದೇಶದಾದ್ಯಂತ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಅನರ್ಹರಾದರು. ಹುಟ್ಟಿಸುವ ದಾರಿಯಷ್ಟೇ ಮುಚ್ಚುವ ದಾರಿಯನ್ನೂ ಹೇಳಿಕೊಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ರೈತ ಉತ್ಪಾದಕ ಕಂಪನಿಗಳದ್ದು ಇನ್ನೊಂದು ಬಗೆ. ವೈ.ಕೆ. ಅಲಘ್ ಸಮಿತಿಯ ಸಲಹೆಯಂತೆ 2003ರಲ್ಲಿ ಕಾನೂನಿಗೆ ಬಂದ ಈ ಮಾದರಿಗೆ, 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆ (ಎಫ್‌ಪಿಒ) ಕಟ್ಟುವ 6,865 ಕೋಟಿಯ ಯೋಜನೆಯಿಂದ ಜೀವ ಬಂತು. ಒಂದು ಎಫ್‌ಪಿಒಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣೆಯ ಖರ್ಚು, ಸದಸ್ಯ ರೈತನ ಷೇರಿಗೆ 2,000ದವರೆಗೆ ಸರಿಸಮ ಅನುದಾನ. ಮೂರು ವರ್ಷ ಮುಗಿದು ಅನುದಾನ ನಿಂತಾಗ ಸಿಇಒಗೆ ಹೂಡಿಕೆದಾರರ ನೆನಪಾಗುತ್ತದೆ. ಉತ್ಪಾದಕರಲ್ಲದವರು ಇಂಥ ಕಂಪನಿಯಲ್ಲಿ ಸದಸ್ಯರಾಗುವಂತಿಲ್ಲ, ಷೇರು ಕೊಳ್ಳುವಂತೆಯೂ ಇಲ್ಲ. ರೈತರ ಕೈಯಿಂದ ಒಡೆತನ ಜಾರದಿರಲಿ ಎಂದೇ ಬರೆದ ನಿಯಮ, ನಾನಂತೂ ಅದನ್ನು ತಪ್ಪೆನ್ನುವುದಿಲ್ಲ. ಆದರೆ ಮೊದಲ ದಿನವೇ ತಿಳಿದಿದ್ದರೆ ಹೊರಗಿನ ಬಂಡವಾಳದ ಆಸೆಯಲ್ಲಿ ಗೋದಾಮು ಕಟ್ಟಲು ಯಾರೂ ಹೊರಡುತ್ತಿರಲಿಲ್ಲ.

ಮತ್ತೆ ರೇಷ್ಮೆಯ ಹುಡುಗನ ಹತ್ತಿರ ಬರೋಣ. ಗೂಡಿನ ವ್ಯಾಪಾರ ಬಿಟ್ಟು ನೂಲಿಗೆ ಇಳಿದರೂ ಜಿಎಸ್‌ಟಿಯಲ್ಲಿ ಒಂದು ತಿರುವಿದೆ. ಗೂಡಿನಿಂದ ಬಿಚ್ಚಿದ, ಹುರಿ ಹಾಕದ ಕಚ್ಚಾ ರೇಷ್ಮೆಗೆ ತೆರಿಗೆ ಇಲ್ಲ. ಅದನ್ನೇ ಹುರಿ ಯಂತ್ರಕ್ಕೆ ಹಾಕಿ ನೂಲು ಮಾಡಿದರೆ ಶೇ 5. ಕೊಳ್ಳುವವನು ನೋಂದಾಯಿತ ವರ್ತಕನಾದರೆ ಕಟ್ಟುವ ಹೊಣೆ ಅವನದು, ಮಾರುವವನದಲ್ಲ. ಶಿಡ್ಲಘಟ್ಟದ ರೀಲರುಗಳು ಇದನ್ನು ವ್ಯವಹಾರದಲ್ಲೇ ಕಲಿತಿದ್ದಾರೆ. ಪಿಚ್ ಡೆಕ್ ಮಾಡುವುದನ್ನು ಬೆಂಗಳೂರಿನಲ್ಲಿ ಕಲಿತು ಬಂದ ಹುಡುಗನಿಗೆ ಅದು ತಿಳಿದಿರುವುದಿಲ್ಲ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ರೇಷ್ಮೆ ಕೃಷಿಯನ್ನೇ ಓದಿಸಲು ತೆರೆದ ಕಾಲೇಜೂ ಈ ತಾಲ್ಲೂಕಿನಲ್ಲಿದೆ. ಹುಳಕ್ಕೆ ಬರುವ ರೋಗದ ಬಗ್ಗೆ ಕೇಳಿದರೆ ಅಲ್ಲಿ ಉತ್ತರ ಸಿಗುತ್ತದೆ. ಷೇರುದಾರರ ಒಪ್ಪಂದ ಓದಿ ಹೇಳುವ ಮೇಜು ಅಂಥ ಕಡೆ ಯಾಕಿರಬಾರದು? ವಾರಕ್ಕೊಂದು ದಿನ ಒಬ್ಬ ಕಂಪನಿ ಸೆಕ್ರೆಟರಿ ಬಂದು ಕೂತರೂ ನಡೆಯುತ್ತದೆ, ಅದಕ್ಕೆ ಬೇಕಾಗುವುದು ಒಂದು ಎಲಿವೇಟ್ ಅನುದಾನದ ಚೂರು.

ಸದ್ಯಕ್ಕೆ ಆ ಕೆಲಸ ಊರಿನ ಆಡಿಟರುಗಳ ಹೆಗಲ ಮೇಲಿದೆ. ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ, ಸೊಸೈಟಿಗಳ ಲೆಕ್ಕಪರಿಶೋಧನೆಯ ನಡುವೆ ಬಿಡುವು ಮಾಡಿಕೊಂಡು ಅವರೇ ಹೇಳಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಎಂದು ಸಂಸತ್ತು ತೀರ್ಮಾನಿಸಿದ್ದರಿಂದ ಬಾಯಿಪಾಠವಾಗಿದ್ದ ಸೆಕ್ಷನ್ ನಂಬರುಗಳೆಲ್ಲ ಅವರಿಗೆ ಅದಲುಬದಲು. 68 ಹೋಗಿ 102 ಆಗುತ್ತದೆ. ಅವರು ಕೇಳುವ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ: ಭಾವಮೈದುನ ಹಾಕಿದ ಎಂಟು ಲಕ್ಷ ಚೆಕ್ಕಿನಲ್ಲಿ ಬಂತೋ, ಕೈಯಲ್ಲಿ ಬಂತೋ?