ಮೊದಲ ರೋಬೋಟಿಗೆ ನಾಲ್ಕು ಮೋಟರ್ ಸಾಕು

ಅಮೆರಿಕದ ಬಾಸ್ಟನ್ ಡೈನಮಿಕ್ಸ್ ಕಂಪನಿ 2020ರಲ್ಲಿ ‘ಸ್ಪಾಟ್’ ಎಂಬ ನಾಲ್ಕು ಕಾಲಿನ ರೋಬೋಟನ್ನು ಮಾರಾಟಕ್ಕೆ ಬಿಟ್ಟಾಗ ಅದರ ಬೆಲೆ 74,500 ಡಾಲರ್ ಇತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಚೀನಾದ ಯೂನಿಟ್ರೀ ಕಂಪನಿ ‘ಗೋ2’ ಎಂಬ ರೋಬೋಟ್ ನಾಯಿಯ ಆರಂಭಿಕ ಮಾದರಿಗೆ 1,600 ಡಾಲರ್ ಬೆಲೆ ಕಟ್ಟಿತು. ಇಷ್ಟು ಇಳಿದರೂ ಅದು ಸಾಮಾನ್ಯ ಹವ್ಯಾಸಿಯ ಕೈಗೆ ಎಟುಕುವುದಿಲ್ಲ. ಆದರೆ ತಾನೇ ಜೋಡಿಸಿದ ಯಂತ್ರವನ್ನು ಮೇಜಿನ ಮೇಲೆ ನಡೆಸಿ, ಅದು ಮುಗ್ಗರಿಸಿದಾಗ ಕಾರಣ ಹುಡುಕುವ ಖುಷಿಗೆ ಅಷ್ಟು ದುಡ್ಡು ಬೇಕಿಲ್ಲ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಅದು ಸಿಗುತ್ತದೆ.

ಇಂಥ ಯಂತ್ರವನ್ನು ಮನೆಯಲ್ಲೇ ಜೋಡಿಸಲು ಸಿಗುವ ಕಿಟ್‌ನ ಬೆಲೆ, ತೂಕ, ತಲೆನೋವು ಎಲ್ಲವೂ ಮೋಟರ್‌ಗಳ ಸಂಖ್ಯೆಯ ಮೇಲೆ ನಿಂತಿವೆ. ನಡೆಯುವ ರೋಬೋಟಿನಲ್ಲಿ ಬಳಸುವುದು ಸರ್ವೋ ಮೋಟರ್. ಫ್ಯಾನಿನ ಮೋಟರಿನ ಹಾಗೆ ಸುಮ್ಮನೆ ಗಿರಗಿರ ತಿರುಗದೆ, ಹೇಳಿದಷ್ಟು ಡಿಗ್ರಿ ತಿರುಗಿ ಅಲ್ಲೇ ನಿಲ್ಲುವುದು ಇದರ ಗುಣ. ಅಗ್ಗದ ಕಿಟ್‌ಗಳಲ್ಲೆಲ್ಲ ಕಾಣುವ ಎಸ್‌ಜಿ90 ಸರ್ವೋ ಕೇವಲ 9 ಗ್ರಾಂ ತೂಗುತ್ತದೆ, ಬೆಲೆ ನೂರು ರೂಪಾಯಿ ಚಿಲ್ಲರೆ. ಒಳಗಿರುವುದು ಪ್ಲಾಸ್ಟಿಕ್ ಗೇರು. ಅದೇ ಅಳತೆಯ ಎಂಜಿ90ಎಸ್ ಮಾದರಿಗೆ ಲೋಹದ ಗೇರು. ಬೆಲೆ ಸ್ವಲ್ಪ ಹೆಚ್ಚಾದರೂ ಬಾಳಿಕೆ ಚೆನ್ನಾಗಿದೆ.

ಹೊಸಬರನ್ನು ಮೊದಲು ಸೆಳೆಯುವುದು ಆರು ಕಾಲಿನ ಜೇಡದಂಥ ರೋಬೋಟ್. ಕಾಲಿಗೆ ಮೂರರಂತೆ ಹದಿನೆಂಟು ಸರ್ವೋ. ಒಮ್ಮೆಗೆ ಮೂರು ಕಾಲು ನೆಲದ ಮೇಲೆ, ಉಳಿದ ಮೂರು ಗಾಳಿಯಲ್ಲಿ. ನೆಲದ ಮೇಲಿನ ಕಾಲುಗಳು ತ್ರಿಕೋನವಾಗಿ ನಿಲ್ಲುವುದರಿಂದ, ದೇಹದ ಭಾರ ಆ ತ್ರಿಕೋನದೊಳಗೇ ಇರುವವರೆಗೆ ಅದು ಬೀಳುವುದಿಲ್ಲ. ನಡಿಗೆಯ ಲೆಕ್ಕದಲ್ಲಿ ಇದು ಬಹಳ ಭದ್ರ. ಕಷ್ಟ ಶುರುವಾಗುವುದು ಬಲದ ಲೆಕ್ಕದಲ್ಲಿ.

ಎಸ್‌ಜಿ90ಯ ಗರಿಷ್ಠ ತಿರುಚುಬಲ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರ್. ಅಂದರೆ ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ 1.8 ಕಿಲೋ ಭಾರ ತಡೆಯಬಲ್ಲದು. ಕಾಲಿನ ತುದಿ ಆರು ಸೆಂಟಿಮೀಟರ್ ಆಚೆ ಇದ್ದರೆ ಅದು 300 ಗ್ರಾಮಿಗೆ ಇಳಿಯುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವುದು ಸಲೀಸು, ಕೈ ಚಾಚಿ ಹಿಡಿದರೆ ತೋಳು ನಡುಗುತ್ತದಲ್ಲ, ಹಾಗೆ. ಅದೂ ಮೋಟರ್ ಭಾರಕ್ಕೆ ತಿರುಗಲಾಗದೆ ನಿಂತುಬಿಡುವ ಹಂತದ ಲೆಕ್ಕ. ಬಿಸಿಯಾಗದೆ ಬಹುಕಾಲ ದುಡಿಯಬೇಕಾದರೆ ಅದರ ಮೂರನೇ ಒಂದು ಭಾಗವನ್ನಷ್ಟೇ ನಂಬಬೇಕು. ಹದಿನೆಂಟು ಸರ್ವೋಗಳ ತೂಕವೇ 162 ಗ್ರಾಂ. ಬ್ಯಾಟರಿ, ಬೋರ್ಡು, ಚೌಕಟ್ಟು ಸೇರಿದರೆ ಅರ್ಧ ಕಿಲೋ ದಾಟುವುದು ಕಷ್ಟವಲ್ಲ. ಮೂರು ಕಾಲಿಗೆ ಹಂಚಿದರೂ ಒಂದೊಂದರ ಪಾಲಿಗೆ ನೂರೈವತ್ತು ಗ್ರಾಂಗಿಂತ ಹೆಚ್ಚು ಬರುತ್ತದೆ. ಪ್ಲಾಸ್ಟಿಕ್ ಗೇರಿನ ಹದಿನೆಂಟು ಸರ್ವೋ ಹಾಕಿ ಅಗ್ಗದ ಬೆಲೆಗೆ ಮಾರುವ ಜೇಡವನ್ನು ಹೊಸಬರು ಕೊಳ್ಳದಿರುವುದೇ ಮೇಲು.

ಇನ್ನೊಂದು ತುದಿಯಲ್ಲಿ ಒಂದೇ ಮೋಟರಿನ ಕಿಟ್‌ಗಳಿವೆ. ಕಡಲತೀರದಲ್ಲಿ ಗಾಳಿಯ ಬಲಕ್ಕೇ ನಡೆಯುವ ಜೀವಿಗಳನ್ನು ಕಟ್ಟುತ್ತ ಬಂದಿರುವ ಡಚ್ ಕಲಾವಿದ ಥಿಯೋ ಯಾನ್ಸೆನ್ ರೂಪಿಸಿದ ಕಡ್ಡಿ-ಕೀಲುಗಳ ಜೋಡಣೆ ಇಂಥ ಅನೇಕ ಆಟಿಕೆಗಳಿಗೆ ಮೂಲ. ಎಂಟು-ಹತ್ತು ವರ್ಷದ ಮಕ್ಕಳಿಗೆ ಇದು ಒಳ್ಳೆಯ ಉಡುಗೊರೆ. ಆದರೆ ನಡಿಗೆ ಕಡ್ಡಿಗಳ ಉದ್ದದಲ್ಲೇ ನಿಗದಿಯಾಗಿರುವುದರಿಂದ ಕೋಡ್ ಬರೆದು ಅದನ್ನು ಬದಲಿಸಲು ಆಗುವುದಿಲ್ಲ.

ಇವೆರಡರ ನಡುವೆ ಹವ್ಯಾಸಿಗಳಿಗೆ ಸರಿಹೊಂದುವುದು ನಾಲ್ಕು ಸರ್ವೋಗಳ ಎರಡು ಕಾಲಿನ ಪುಟ್ಟ ರೋಬೋಟ್. ‘ಓಟೋ’ ಇದರ ಪ್ರಸಿದ್ಧ ಮಾದರಿ. ಕಮಿಲೋ ಪಾರ್ರಾ ಪಲಾಸಿಯೋ ಎಂಬ ವಿನ್ಯಾಸಕಾರ ಆರಂಭಿಸಿದ ಈ ಯೋಜನೆಯ ನಕ್ಷೆ, ಕೋಡ್ ಎರಡೂ ಎಲ್ಲರಿಗೂ ಮುಕ್ತ. ಸೊಂಟಕ್ಕೆರಡು, ಪಾದಕ್ಕೆರಡು ಸರ್ವೋ, ಮಿದುಳಾಗಿ ಆರ್ಡುಯಿನೋ ನ್ಯಾನೋ ಬೋರ್ಡು, ಎರಡು ಕಣ್ಣಿನಂತೆ ಕಾಣುವ ಅಲ್ಟ್ರಾಸಾನಿಕ್ ಸೆನ್ಸರ್, ಸದ್ದಿಗೊಂದು ಬಜ್ಜರ್. ಪಾದಗಳು ಅಗಲ. ಒಂದು ಪಾದ ಓರೆಯಾಗಿ ಭಾರವನ್ನೆಲ್ಲ ತನ್ನ ಮೇಲೆ ಎಳೆದುಕೊಂಡಾಗ ಇನ್ನೊಂದು ಮೇಲೇಳುತ್ತದೆ, ಸೊಂಟ ತಿರುಗುತ್ತದೆ, ಹೆಜ್ಜೆ ಮುಂದೆ ಬೀಳುತ್ತದೆ. ಮನುಷ್ಯರ ನಡಿಗೆಯ ಮೂಲಪಾಠವೆಲ್ಲ ಈ ನಾಲ್ಕು ಚಲನೆಗಳಲ್ಲಿದೆ.

ಜೋಡಿಸುವಾಗ ಹೆಚ್ಚಿನವರು ಎಡವುವುದು ಒಂದು ಸಣ್ಣ ಕೆಲಸದಲ್ಲಿ. ಸರ್ವೋದ ತಲೆಗೆ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ತೋಳನ್ನು ‘ಹಾರ್ನ್’ ಎನ್ನುತ್ತಾರೆ. ಮೋಟರಿಗೆ ಕರೆಂಟು ಕೊಟ್ಟು, ಕೋಡ್ ಮೂಲಕ 90 ಡಿಗ್ರಿಯಲ್ಲಿ ನಿಲ್ಲಿಸಿದ ಮೇಲೆಯೇ ಹಾರ್ನ್ ಕೂರಿಸಿ ಸ್ಕ್ರೂ ಬಿಗಿಯಬೇಕು. ಅಕ್ಷದ ಸುತ್ತ ಇಪ್ಪತ್ತರ ಆಸುಪಾಸು ಹಲ್ಲುಗಳಿರುತ್ತವೆ. ಒಂದು ಹಲ್ಲು ಆಚೀಚೆಯಾದರೆ ಹದಿನೇಳು-ಹದಿನೆಂಟು ಡಿಗ್ರಿ ವ್ಯತ್ಯಾಸ. ಕಾಲು ಸೊಟ್ಟಗೆ ನಿಲ್ಲುತ್ತದೆ, ಸರ್ವೋ ಚೌಕಟ್ಟಿಗೆ ತಾಗಿ ಗುಂಯ್‌ಗುಡುತ್ತದೆ, ಹಾಗೆಯೇ ಬಿಟ್ಟರೆ ಸುಟ್ಟೂ ಹೋಗುತ್ತದೆ. ಹಲ್ಲು ಸರಿಯಾಗಿ ಕೂತ ಮೇಲೂ ಉಳಿಯುವ ಐದಾರು ಡಿಗ್ರಿ ಓರೆಯನ್ನು ಕೋಡ್‌ನಲ್ಲಿ ತಿದ್ದಿಕೊಳ್ಳಬಹುದು. ಈ ತಿದ್ದುಪಡಿಗೆ ಅವಕಾಶ ಕೊಡುವ ಕಿಟ್ಟನ್ನೇ ಆರಿಸಬೇಕು. ಮೊಬೈಲ್ ಆ್ಯಪ್‌ನ ನಾಲ್ಕು ಬಟನ್‌ಗಳಿಗಷ್ಟೇ ಸೀಮಿತವಾಗಿ, ಕೋಡ್ ಮುಟ್ಟಲು ಬಿಡದ ಕಿಟ್ ಬರೀ ಆಟದ ಸಾಮಾನು.

ಇನ್ನು ಬ್ಯಾಟರಿ. ಹೊಸಬರ ರೋಬೋಟ್ ಕಾಲೆತ್ತಿದೊಡನೆ ದೀಪ ಆರಿ, ಮತ್ತೆ ಮೊದಲಿನಿಂದ ಶುರುವಾಗುವುದುಂಟು. ಹಾಗಾದಾಗ ಕೋಡ್ ತಪ್ಪಿದೆಯೆಂದು ರಾತ್ರಿಯೆಲ್ಲ ಹುಡುಕುವವರಿದ್ದಾರೆ. ಬಹುಪಾಲು ಸಲ ತಪ್ಪು ಕೋಡ್‌ನದಲ್ಲ. ಒತ್ತಡಕ್ಕೆ ಸಿಕ್ಕ ಒಂದು ಎಸ್‌ಜಿ90 ಅರ್ಧ ಆಂಪಿಯರ್‌ಗೂ ಹೆಚ್ಚು ಕರೆಂಟು ಎಳೆಯಬಲ್ಲದು. ಕಂಪ್ಯೂಟರಿನ ಹಳೆಯ ಯುಎಸ್‌ಬಿ ಕಿಂಡಿ ಕೊಡುವುದೇ ಅರ್ಧ ಆಂಪಿಯರ್. ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಆದ್ದರಿಂದ ಸರ್ವೋಗಳಿಗೆ ಬ್ಯಾಟರಿಯಿಂದ ಪ್ರತ್ಯೇಕ 5 ವೋಲ್ಟ್ ದಾರಿ ಮಾಡಿಕೊಟ್ಟು, ಬೋರ್ಡಿನ ಗ್ರೌಂಡ್ ತಂತಿಯನ್ನು ಬ್ಯಾಟರಿಯ ಗ್ರೌಂಡ್ ತಂತಿಗೆ ಸೇರಿಸಬೇಕು. ಅನೇಕ ಕಿಟ್‌ಗಳಲ್ಲಿ ಬ್ಯಾಟರಿ ಇರುವುದೇ ಇಲ್ಲ ಎಂಬುದನ್ನೂ ಕೊಳ್ಳುವ ಮುಂಚೆ ಓದಿಕೊಳ್ಳಬೇಕು. 18650 ಅಳತೆಯ ಲಿಥಿಯಂ ಸೆಲ್ ಮೇಲೆ 9,900 ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು. ಒಳ್ಳೆಯ ಸೆಲ್‌ನ ಸಾಮರ್ಥ್ಯ ಸಾಮಾನ್ಯವಾಗಿ 2,500ರಿಂದ 3,500ರ ಒಳಗಿರುತ್ತದೆ.

ರೋಬೋಟ್ ನಾಯಿಯೇ ಬೇಕೆನ್ನುವವರಿಗೆ ‘ಪೆಟೋಯ್ ಬಿಟ್ಲ್’ ಇದೆ. ಕಾಲುಗಳಿಗೆ ಎಂಟು, ತಲೆಗೊಂದು ಸರ್ವೋ, ಮುಕ್ತ ಕೋಡ್, ಅಂಗೈ ಮೇಲೆ ಕೂರುವ ಗಾತ್ರ. ಯಂತ್ರ ಸೊಗಸಾಗಿದೆ. ಆದರೆ ಬೆಲೆ ನೂರಾರು ಡಾಲರ್, ಮೇಲೆ ಆಮದು ಸುಂಕ. ಅದು ಎರಡನೆಯ ರೋಬೋಟಿನ ಮಾತು.

ಬಿಡಿಭಾಗ ಊರಲ್ಲೇ ಸಿಗುತ್ತದೆಯೇ ಎಂಬುದನ್ನು ಬೆಲೆಯಷ್ಟೇ ಗಂಭೀರವಾಗಿ ನೋಡಬೇಕು. ಓಟೋಗೆ ಬೇಕಾದ ಸರ್ವೋ, ನ್ಯಾನೋ ಬೋರ್ಡು, ಸೆನ್ಸರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ; ದೂರದ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ದೇಹದ ಭಾಗಗಳಿಗೆ ತ್ರೀಡಿ ಪ್ರಿಂಟರ್ ಬೇಕು. ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ ಅಡಿ ಶಾಲೆಗಳಲ್ಲಿ ತೆರೆದಿರುವ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಪ್ರಿಂಟರನ್ನೂ ಆರ್ಡುಯಿನೋ ಬೋರ್ಡುಗಳನ್ನೂ ಒದಗಿಸಲಾಗುತ್ತದೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿಯೇ ಇರುವ ಈ ಲ್ಯಾಬ್‌ಗಳು ಕರ್ನಾಟಕದ ಅನೇಕ ಶಾಲೆಗಳಲ್ಲಿವೆ. ನಿಮ್ಮ ಮಕ್ಕಳ ಶಾಲೆಯಲ್ಲಿದ್ದರೆ ಮೇಷ್ಟರನ್ನು ಕೇಳಿ ನೋಡಿ. ಬಿಡಿಭಾಗ ಕೊಳ್ಳುವಾಗ ಮಾತ್ರ ನಾಲ್ಕರ ಬದಲು ಆರು ಸರ್ವೋ ತನ್ನಿ, ಒಂದೆರಡು ಕೆಡುವುದು ಖಂಡಿತ.